ಮಳೆಹನಿಗೆ ಬಾಲವಿಲ್ಲ

ತೀರ್ಥಹಳ್ಳಿ ಕಡೆಯಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ಅಂಚೆ ಕಾರ್ಡಿನಲ್ಲಿ ಕೇಳಿದ್ದಾಳೆ: ‘ಮಾಡಿನಿಂದ ಒಂದು ಹಂಚಿನ ಚೂರು ಬಿದ್ದರೂ ತಲೆ ಒಡೆಯುತ್ತದೆ. ಮೋಡ ಅದಕ್ಕಿಂತ ಎಷ್ಟೋ ಮೇಲಿದೆ. ಅಲ್ಲಿಂದ ಬಿದ್ದ ಹನಿ ನಮ್ಮ ತಲೆಯನ್ನು ಯಾಕೆ ತೂತು ಮಾಡುವುದಿಲ್ಲ?’ ಕಾರ್ಡಿನ ಮೂಲೆಯಲ್ಲಿ ಒಂದು ಹನಿಯ ಚಿತ್ರವನ್ನೂ ಬಿಡಿಸಿದ್ದಾಳೆ. ಮೇಲೆ ಚೂಪು ಬಾಲ, ಕೆಳಗೆ ಗುಂಡು ಹೊಟ್ಟೆ.

ಪ್ರಶ್ನೆ ಅಪ್ಪಟ ಬಂಗಾರ. ಚಿತ್ರ ಮಾತ್ರ ತಪ್ಪು. ಆ ತಪ್ಪು ಅವಳದಲ್ಲ. ಪಠ್ಯಪುಸ್ತಕದಿಂದ ಹಿಡಿದು ಮೊಬೈಲಿನ ಹವಾಮಾನ ಆ್ಯಪ್‌ವರೆಗೆ ಎಲ್ಲರೂ ಹನಿಗೆ ಬಾಲ ಹಚ್ಚಿದ್ದಾರೆ. ಆಕಾಶದಿಂದ ಬೀಳುವ ಯಾವ ಮಳೆಹನಿಗೂ ಬಾಲವಿಲ್ಲ.

ಮೊದಲು ಪ್ರಶ್ನೆಗೆ ಉತ್ತರ. ಗಾಳಿಯೇ ಇಲ್ಲದಿದ್ದರೆ ಎರಡು ಕಿಲೋಮೀಟರ್ ಎತ್ತರದಿಂದ ಬಿದ್ದ ಹನಿ ನೆಲ ಮುಟ್ಟುವಾಗ ಗಂಟೆಗೆ 700 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿರುತ್ತಿತ್ತು. ಆಗ ಗದ್ದೆಯಲ್ಲಿ ಒಂದು ಸಸಿಯೂ ನಿಲ್ಲುತ್ತಿರಲಿಲ್ಲ. ಗಾಳಿ ನಮ್ಮನ್ನು ಕಾಯುತ್ತದೆ. ಹನಿಯ ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ಒಂದು ಹಂತದಲ್ಲಿ ಹನಿಯ ತೂಕಕ್ಕೂ ಗಾಳಿಯ ತಡೆಗೂ ಸರಿಸಮವಾಗುತ್ತದೆ. ಅಲ್ಲಿಂದ ಮುಂದೆ ವೇಗ ಏರುವುದಿಲ್ಲ. ಎರಡು ಮಿಲಿಮೀಟರ್ ಅಡ್ಡಗಲದ ಹನಿ ಸೆಕೆಂಡಿಗೆ ಸುಮಾರು ಆರೂವರೆ ಮೀಟರ್, ಐದು ಮಿಲಿಮೀಟರಿನ ದಪ್ಪ ಹನಿ ಸುಮಾರು ಒಂಬತ್ತು ಮೀಟರ್ ಬೀಳುತ್ತದೆ. ಅಂದರೆ ಗಂಟೆಗೆ 32 ಕಿಲೋಮೀಟರ್, ಘಟ್ಟ ಹತ್ತುವ ಬಸ್ಸಿನ ವೇಗ. ಈ ವೇಗ ತಲುಪಲು ಒಂದು ತೆಂಗಿನಮರದ ಎತ್ತರವೇ ಹೆಚ್ಚುಕಡಿಮೆ ಸಾಕು. ಮೋಡ ಎರಡು ಕಿಲೋಮೀಟರ್ ಮೇಲಿದ್ದರೂ ಒಂದೇ, ನಾಲ್ಕು ಕಿಲೋಮೀಟರ್ ಮೇಲಿದ್ದರೂ ಒಂದೇ. ತಲೆಗೆ ಬೀಳುವ ಪೆಟ್ಟನ್ನು ನಿರ್ಧರಿಸುವುದು ಹನಿಯ ಗಾತ್ರ.

ಹಾಗಾದರೆ ಹನಿ ಹೇಗಿರುತ್ತದೆ? ಎರಡು ಮಿಲಿಮೀಟರಿಗಿಂತ ಸಣ್ಣದು ಬಹುಪಾಲು ಗೋಲಿಯಂತೆ ದುಂಡಗೆ. ನೀರಿನ ಮೈಬಿಗಿತ ಅದನ್ನು ಎಲ್ಲ ಕಡೆಯಿಂದಲೂ ಒಳಕ್ಕೆ ಎಳೆದು ಉಂಡೆ ಕಟ್ಟುತ್ತದೆ. ಹನಿ ದಪ್ಪವಾದಂತೆ ಕೆಳಗಿನಿಂದ ಒತ್ತುವ ಗಾಳಿಯ ಕೈ ಮೇಲಾಗುತ್ತದೆ. ತಳ ಚಪ್ಪಟೆಯಾಗುತ್ತದೆ, ಬೆನ್ನು ಉಬ್ಬಿಯೇ ಉಳಿಯುತ್ತದೆ. ಪಶ್ಚಿಮದ ಪುಸ್ತಕಗಳು ಇದನ್ನು ಬನ್ನಿಗೆ ಹೋಲಿಸುತ್ತವೆ. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ, ತಟ್ಟೆಯ ಮೇಲೆ ಕೂತ ಇಡ್ಲಿಯನ್ನು ನೆನೆಸಿಕೊಳ್ಳಿ. ಇನ್ನೂ ಹಿಗ್ಗಿ ಐದಾರು ಮಿಲಿಮೀಟರ್ ದಾಟಿದರೆ ಗಾಳಿ ಆ ಇಡ್ಲಿಯ ತಳವನ್ನು ಒಳಕ್ಕೆ ನೂಕುತ್ತದೆ. ಹನಿ ಬೋರಲು ಚೀಲದಂತೆ ಉಬ್ಬಿ, ಪೊರೆ ತೆಳುವಾಗಿ, ಪಟ್ಟನೆ ಹರಿದು ಹತ್ತಾರು ಮರಿಹನಿಗಳಾಗಿ ಚೆದುರುತ್ತದೆ. ಫ್ರಾನ್ಸಿನ ಭೌತವಿಜ್ಞಾನಿ ಎಮ್ಯಾನುಯೆಲ್ ವಿಲರ್ಮೋ 2009ರಲ್ಲಿ ಈ ಇಡೀ ನಾಟಕವನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ತೋರಿಸಿದರು. ನೋಡಿದರೆ ಹನಿ ಕ್ಷಣಕಾಲ ಛತ್ರಿ ಬಿಚ್ಚಿದಂತೆಯೇ ಕಾಣುತ್ತದೆ!

ಬಾಲದ ಹನಿ ಹುಟ್ಟಿದ್ದು ನಲ್ಲಿಯಲ್ಲಿ ಎಂದು ನನ್ನ ಗುಮಾನಿ. ನಲ್ಲಿಯ ಬಾಯಲ್ಲಿ ತೊನೆಯುವ ನೀರಿಗೆ ಕುತ್ತಿಗೆ ಬರುವುದು ನಿಜ. ಆದರೆ ಕುತ್ತಿಗೆ ಕಳಚಿದ ಮರುಕ್ಷಣ ಅದು ಉಂಡೆಯಾಗುತ್ತದೆ. ಕಣ್ಣಿಗೆ ಸಿಗದಷ್ಟು ಬೇಗ ಆಗುವುದರಿಂದ ಬಾಲವೇ ಮನಸ್ಸಿನಲ್ಲಿ ಉಳಿಯುತ್ತದೆ.

ಹೈಸ್ಪೀಡ್ ಕ್ಯಾಮೆರಾ ಇಲ್ಲದ ಕಾಲದಲ್ಲಿ ಹನಿಯನ್ನು ಅಳೆದವರ ಕಥೆ ನನಗೆ ಬಲು ಇಷ್ಟ. ಜರ್ಮನಿಯ ಫಿಲಿಪ್ ಲೆನಾರ್ಡ್ ಕೆಳಗಿನಿಂದ ಮೇಲಕ್ಕೆ ಗಾಳಿ ಊದಿ, ನೀರಿನ ಹನಿಗಳನ್ನು ಅದರಲ್ಲಿ ತೇಲಿಸಿ ನೋಡಿದರು. ಚಪ್ಪಟೆ ತಳ ಅವರ ಕಣ್ಣಿಗೆ ಬಿದ್ದದ್ದು ಹಾಗೆ. ಅದು 1904. ಅದೇ ವರ್ಷ ಅಮೆರಿಕದ ವರ್ಮಾಂಟಿನ ರೈತ ವಿಲ್ಸನ್ ಬೆಂಟ್ಲಿ ಇನ್ನೂ ಸರಳವಾದ ಉಪಾಯವನ್ನು ಪ್ರಕಟಿಸಿದರು. ಹಿಮದ ಹರಳುಗಳ ಫೋಟೋ ತೆಗೆದು ಹೆಸರಾದ ಮನುಷ್ಯ ಈತ. ತಟ್ಟೆಯಲ್ಲಿ ಒಂದಂಗುಲ ದಪ್ಪಕ್ಕೆ ಹಿಟ್ಟು ಹರವಿ, ಕೆಲವೇ ಸೆಕೆಂಡು ಮಳೆಗೊಡ್ಡಿದರು. ಪ್ರತಿ ಹನಿಯೂ ಹಿಟ್ಟಿನಲ್ಲಿ ತನ್ನಷ್ಟೇ ಗಾತ್ರದ ಒಂದು ಉಂಡೆ ಕಟ್ಟಿತು. ಒಣಗಿಸಿ ಅಳೆದರು. ಉಂಡೆಯ ಗಾತ್ರವೂ ಹನಿಯ ಗಾತ್ರವೂ ಒಂದೇ ಎಂದು ಖಾತ್ರಿಯಾಗಲು, ಅಳತೆ ಗೊತ್ತಿದ್ದ ಹನಿಗಳನ್ನೂ ಹಿಟ್ಟಿಗೆ ಬೀಳಿಸಿ ತಾಳೆ ನೋಡಿದರು. ಪ್ರಯೋಗಾಲಯವಿಲ್ಲ, ಪದವಿಯಿಲ್ಲ. ವಿಜ್ಞಾನ ಎಂದರೆ ಇದೇ ಎಂದು ನಾನು ಯಾವ ವೇದಿಕೆಯಲ್ಲಾದರೂ ಹೇಳಬಲ್ಲೆ.

ನಮ್ಮ ಮನೆಯಂಗಳದಲ್ಲಿ ನಾನೂ ಇದನ್ನು ಮಾಡಿ ನೋಡಿದ್ದೇನೆ. ಸ್ಟೀಲಿನ ತಟ್ಟೆ, ಎರಡು ಹಿಡಿ ಮೈದಾ, ಮೇಲೊಂದು ಮುಚ್ಚಳ. ಮುಚ್ಚಳ ತೆಗೆದು ಮೂರು ಎಣಿಸಿ ಮತ್ತೆ ಮುಚ್ಚುವುದು. ಜುಲೈನ ಸೋನೆಯಲ್ಲಿ ಸಿಕ್ಕಿದ್ದು ರಾಗಿಕಾಳು, ಅಲ್ಲೊಂದು ಇಲ್ಲೊಂದು ಸಾಸಿವೆ. ಮೇ ತಿಂಗಳ ಗುಡುಗುಮಳೆಯ ಮೊದಲ ನಿಮಿಷದಲ್ಲಿ ಹಿಡಿದ ತಟ್ಟೆಯಲ್ಲಿ ಇದ್ದದ್ದು ನಾಲ್ಕೇ ಉಂಡೆ, ನಾಲ್ಕೂ ಹೆಸರುಕಾಳಿನಷ್ಟು! ಸಣ್ಣದು ಒಂದೂ ಇರಲಿಲ್ಲ.

ಇದಕ್ಕೊಂದು ಚಂದದ ಕಾರಣವಿದೆ. ಬೇಸಿಗೆಯ ಮೊದಲ ಮಳೆ ಟಪ್ ಟಪ್ ಎಂದು ದಪ್ಪ ಹನಿಗಳಿಂದಲೇ ಶುರುವಾಗುವುದನ್ನು ನೀವು ನೋಡಿಯೇ ಇರುತ್ತೀರಿ. ಎರಡು ಕಿಲೋಮೀಟರ್ ಮೇಲಿನಿಂದ ದಪ್ಪ ಹನಿಯೂ ತುಂತುರಿನ ಹನಿಯೂ ಒಟ್ಟಿಗೆ ಹೊರಟವೆನ್ನಿ. ದಪ್ಪ ಹನಿ ನಾಲ್ಕು ನಿಮಿಷದೊಳಗೆ ಅಂಗಳ ಮುಟ್ಟುತ್ತದೆ. ಅರ್ಧ ಮಿಲಿಮೀಟರಿನ ಹನಿಗೆ ಕಾಲು ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ಮೇ ತಿಂಗಳ ಒಣ ಗಾಳಿ ಅದನ್ನು ದಾರಿಯಲ್ಲೇ ಕುಡಿದುಬಿಡುತ್ತದೆ. ಮಲೆನಾಡಿನ ಮುಂಗಾರಿನಲ್ಲಿ ಮೋಡ ಗುಡ್ಡದ ತಲೆಗೇ ತಾಗಿರುತ್ತದೆ, ಗಾಳಿ ತೊಯ್ದಿರುತ್ತದೆ. ಹಾಗಾಗಿ ಸಣ್ಣ ಹನಿಯೂ ಬದುಕಿ ಕೆಳಗಿಳಿಯುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ಮಹಾಬಲೇಶ್ವರದಲ್ಲಿ ಹನಿಗಳನ್ನು ಉಪಕರಣವಿಟ್ಟು ಅಳೆದಾಗಲೂ ಮುಂಗಾರಿನಲ್ಲಿ ಸಣ್ಣ ಹನಿಗಳದೇ ಮೇಲುಗೈ ಎಂದು ಕಂಡಿತು.

ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತೇವಲ್ಲ, ಆ ಮರದ ಹನಿಯನ್ನೂ ಒಮ್ಮೆ ಹಿಟ್ಟಿನಲ್ಲಿ ಹಿಡಿಯಿರಿ. ಎಲೆಯ ತುದಿಯಲ್ಲಿ ಸಣ್ಣ ಹನಿಗಳು ಕೂಡಿಕೊಂಡು ತೂಕ ತಾಳಲಾರದೆ ಬೀಳುವುದರಿಂದ ಅದು ಮಳೆಹನಿಗಿಂತ ದಪ್ಪ. ಎತ್ತರದ ಮರವಾದರೆ ಬೀಳುವಷ್ಟರಲ್ಲಿ ಪೂರ್ತಿ ವೇಗವೂ ಬಂದಿರುತ್ತದೆ. ತೋಟದ ಬುಡಕ್ಕೆ ಸೊಪ್ಪು, ದರಗು ಹೊದಿಸುವ ನಮ್ಮ ಹಿರಿಯರ ಪದ್ಧತಿ ಮಣ್ಣನ್ನು ಕಾಯುವುದು ಈ ಪೆಟ್ಟಿನಿಂದ.

ಹಿರಿಯರ ಎಲ್ಲ ಮಾತಿಗೂ ಹೀಗೆ ತಲೆಯಾಡಿಸಲಾರೆ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದು ಮುತ್ತಾಗುತ್ತದೆ ಎಂಬುದನ್ನು ಇಂದಿಗೂ ನಿಜವೆಂದು ಹೇಳುವವರಿದ್ದಾರೆ. ಮುತ್ತಿನ ಚಿಪ್ಪು ಬದುಕುವುದು ಸಮುದ್ರದ ತಳದಲ್ಲಿ. ಹನಿ ಹಿಡಿಯಲು ಅದು ಮೇಲೆ ಬರುವುದಿಲ್ಲ. ಒಳಹೊಕ್ಕ ಪರಜೀವಿಯನ್ನೋ ಕಸವನ್ನೋ ಚಿಪ್ಪಿನ ಜೀವಿ ತನ್ನದೇ ಹೊಳಪಿನ ಪದರಗಳಿಂದ ಸುತ್ತಿದಾಗ ಮುತ್ತು ಹುಟ್ಟುತ್ತದೆ. ಕಾವ್ಯದಲ್ಲಿ ಸ್ವಾತಿ ಹನಿ ಇರಲಿ, ಮಕ್ಕಳ ವಿಜ್ಞಾನದ ತರಗತಿಯಲ್ಲಿ ಬೇಡ. ಮಳೆ ತಡವಾದಾಗ ಕಪ್ಪೆಗಳನ್ನು ಹಿಡಿದು ಅರಿಸಿನ ಬಳಿದು ಮದುವೆ ಮಾಡಿಸುವುದಂತೂ ಹಿಂಸೆ. ಕಪ್ಪೆ ಉಸಿರಾಡುವುದು ಚರ್ಮದಿಂದಲೂ ಹೌದು; ಆ ಚರ್ಮಕ್ಕೆ ಬಣ್ಣ ಮೆತ್ತಿ ಮೆರವಣಿಗೆ ಮಾಡಿದರೆ ಮೋಡದಲ್ಲಿ ಒಂದು ಹನಿಯೂ ಹೆಚ್ಚುವುದಿಲ್ಲ. ಮೋಡದ ಕಣ ನೂರರಲ್ಲಿ ಎರಡು ಮಿಲಿಮೀಟರಿನಷ್ಟು ಸಣ್ಣದು. ಅಂಥ ಹತ್ತು ಲಕ್ಷ ಕಣಗಳ ನೀರು ಸೇರಿದರೆ ಎರಡು ಮಿಲಿಮೀಟರಿನ ಒಂದು ಹನಿ. ತೇವ, ಧೂಳು, ಉಪ್ಪಿನ ಕಣ, ಮೇಲಕ್ಕೇರುವ ಗಾಳಿ, ಇವು ಕೂಡಿದರಷ್ಟೇ ಆ ಲೆಕ್ಕ ತುಂಬುತ್ತದೆ.

ಇಡ್ಲಿಯ ಆಕಾರ ತಿಳಿದು ಆಗಬೇಕಾದ್ದೇನು ಎಂದು ಕೇಳುವವರಿಗಾಗಿ ಕಡೆಯ ಸಂಗತಿಯನ್ನು ಇಟ್ಟುಕೊಂಡಿದ್ದೇನೆ. ಮಳೆಯನ್ನು ದೂರದಿಂದ ಅಳೆಯುವುದು ರೇಡಾರ್. ಅದು ಕಳಿಸಿದ ರೇಡಿಯೊ ಅಲೆ ಹನಿಗಳಿಗೆ ಬಡಿದು ಮರಳುತ್ತದೆ. ತೊಡಕೆಂದರೆ, ನಾಲ್ಕು ಮಿಲಿಮೀಟರಿನ ಒಂದೇ ಹನಿ ಎರಡು ಮಿಲಿಮೀಟರಿನ 64 ಹನಿಗಳಷ್ಟು ಜೋರಾಗಿ ಮಾರ್ದನಿಸುತ್ತದೆ, ಆದರೆ ಅದರಲ್ಲಿರುವ ನೀರು ಎಂಟು ಹನಿಗಳಷ್ಟು ಮಾತ್ರ. ಮಾರ್ದನಿ ಒಂದನ್ನೇ ನಂಬಿದರೆ ಕೆಲವೇ ದಪ್ಪ ಹನಿಗಳನ್ನು ಕುಂಭದ್ರೋಣ ಮಳೆ ಎಂದು ಎಣಿಸಿಬಿಡುವ ಅಪಾಯವಿದೆ. ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ದಾರಿ ಹನಿಯ ಚಪ್ಪಟೆತನ. ಅಡ್ಡಕ್ಕೆ ಕಂಪಿಸುವ ಒಂದು ಅಲೆ, ಲಂಬವಾಗಿ ಕಂಪಿಸುವ ಇನ್ನೊಂದು ಅಲೆ, ಎರಡನ್ನೂ ಕಳಿಸುತ್ತಾರೆ. ಇಡ್ಲಿಯ ಅಗಲ ಅದರ ಎತ್ತರಕ್ಕಿಂತ ಹೆಚ್ಚಾದ್ದರಿಂದ ಅಡ್ಡ ಅಲೆ ಹೆಚ್ಚು ಬಲವಾಗಿ ಮರಳುತ್ತದೆ. ಎರಡರ ಅಂತರ ಎಷ್ಟೋ ಹನಿ ಅಷ್ಟು ಚಪ್ಪಟೆ. ಹನಿ ಎಷ್ಟು ಚಪ್ಪಟೆಯೋ ಅಷ್ಟು ದಪ್ಪ. ಆಲಿಕಲ್ಲು ಉರುಳಾಡುತ್ತಾ ಬೀಳುವುದರಿಂದ ಎರಡೂ ಅಲೆಗೆ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದೆ. ಹಾಗಾಗಿ ಮೋಡದೊಳಗೆ ಇರುವುದು ನೀರೋ ಕಲ್ಲೋ ಎಂಬುದನ್ನೂ ಇಲ್ಲಿಂದಲೇ ಹೇಳಬಹುದು. 1875ರಲ್ಲಿ ಹುಟ್ಟಿದ ನಮ್ಮ ಭಾರತೀಯ ಹವಾಮಾನ ಇಲಾಖೆಯ ಹೊಸ ಡಾಪ್ಲರ್ ರೇಡಾರ್‌ಗಳಲ್ಲಿ ಹಲವು ಈ ಜೋಡಿ ಅಲೆಯ ಬಗೆಯವು. ನೆರೆಯ ಮುನ್ಸೂಚನೆಯ ಹಿಂದೆ ಹನಿಯ ಚಪ್ಪಟೆ ತಳವೂ ದುಡಿಯುತ್ತಿದೆ.

ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುವ ಕಲಾವಿದರಲ್ಲಿ ನನ್ನದೊಂದು ಕೋರಿಕೆ: ಮುಂದಿನ ಸಲ ಮಳೆ ಬಿಡಿಸುವಾಗ ಸಣ್ಣ ಹನಿಗೆ ಒಂದು ಸೊನ್ನೆ, ದಪ್ಪ ಹನಿಗೆ ಒಂದು ಇಡ್ಲಿ ಬರೆಯಿರಿ. ಕಾರ್ಡು ಬರೆದ ಹುಡುಗಿಗೆ ಬೇರೆಯೇ ಮಾತು. ಅಮ್ಮನನ್ನು ಕೇಳಿ ಎರಡು ಹಿಡಿ ಹಿಟ್ಟು ಇಸಕೊ, ಈ ಮಳೆಗಾಲದಲ್ಲಿ ಆರಿದ್ರಾ ಮಳೆಯ ಹನಿಯನ್ನೂ ಸ್ವಾತಿ ಮಳೆಯ ಹನಿಯನ್ನೂ ಹಿಡಿದು ಅಳೆ. ರಾಗಿಯಷ್ಟಿತ್ತೋ ಹೆಸರುಕಾಳಿನಷ್ಟಿತ್ತೋ, ತಾರೀಖಿನ ಸಮೇತ ಬರೆದು ಕಳಿಸು. ಸಿಡಿಲಿನ ಸದ್ದು ಕೇಳಿದರೆ ತಟ್ಟೆ ಅಲ್ಲೇ ಬಿಟ್ಟು ಒಳಗೆ ಓಡು.