ಉಳ್ಳಾಗಡ್ಡಿ ಹೂವಿನ ದಂಟು: ಪಲ್ಯಕ್ಕೆ ಮುರಿಯಿರಿ, ಬೀಜಕ್ಕೆ ಬಿಡಬೇಡಿ

ಚೀನಾ, ಕೊರಿಯಾ ದೇಶಗಳಲ್ಲಿ ಬಳ್ಳೊಳ್ಳಿಯ ಹೂವಿನ ದಂಟನ್ನೇ ಕಾಯಿಪಲ್ಯೆಯ ಹಾಗೆ ಮಾರುತ್ತಾರೆ. ಅಲ್ಲಿಯ ಕೆಲವು ತಳಿಗೆ ಚಳಿ ಹತ್ತಿ, ಆಮೇಲೆ ಹಗಲು ಉದ್ದಾದಾಗ ನಡುವಿನಿಂದ ದಂಟು ಏಳುತ್ತದೆ. ನಮ್ಮ ಮೇಡ್ಲೇರಿ ಕಡೆ ನಾವು ಹಚ್ಚುವ ಜವಾರಿ ಬಳ್ಳೊಳ್ಳಿಗೆ ಅದು ಬರುವುದಿಲ್ಲ. ಅಪರೂಪಕ್ಕೆ ಕತ್ತಿನಲ್ಲಿ ಒಂದೆರಡು ಸಣ್ಣ ಗಡ್ಡಿ ಕೂಡುತ್ತಾವೆ, ಅಷ್ಟೇ. ಆದರೆ ಅದರ ದಾಯಾದಿ ಉಳ್ಳಾಗಡ್ಡಿಗೆ ದಂಟು ಬರುತ್ತದೆ. ಆ ದಂಟಿನ ಆಸೆಗೆ ನಾನು ಒಂದು ಹಂಗಾಮಿನ ಬೆಳೆ ಕೆಡಿಸಿಕೊಂಡೆ. ನಿಮಗೆ ಹಾಗಾಗಬಾರದೆಂದು ಬರೆಯುತ್ತಿದ್ದೇನೆ.

ನಾನು ಮಾಡಿದ ತಪ್ಪು

ನನ್ನದು ಮಳೆ ನಂಬಿದ ಎರೆ ಹೊಲ. ಮುಂಗಾರಿಗೆ ಮೆಣಸಿನಗಿಡದ ಜೊತೆ ಉಳ್ಳಾಗಡ್ಡಿ. ಹಿಂಗಾರಿಗೆ ಬೋರಿನ ನೀರು ಎಟಕುವ ಹತ್ತು ಗುಂಟೆಯಲ್ಲಷ್ಟೇ ಸಸಿ ಹಚ್ಚುತ್ತೇನೆ. ಒಂದು ವರ್ಷ ಸಂಕ್ರಾಂತಿ ಹೊತ್ತಿಗೆ ಅಲ್ಲಲ್ಲಿ ದಂಟು ಎದ್ದವು. ಬೀಜದ ರೇಟು ಏರಿತ್ತು. "ದೇವರೇ ಪುಕ್ಕಟೆ ಬೀಜ ಕೊಟ್ಟ" ಅಂತ ಅವನ್ನು ಹಾಗೇ ಬಿಟ್ಟೆ. ಮನೆಯಾಕಿ ಹೇಳಿದಳು, "ಅವಸರಕ್ಕ ಹೂ ಬಿಟ್ಟಿದ್ದರ ಬೀಜ ಹಿಡೀಬ್ಯಾಡ್ರಿ, ಮಕ್ಕಳೂ ಹಂಗ ಆಗ್ತಾವ." ನಾನು ಕೇಳಲಿಲ್ಲ.

ಮುಂದಿನ ಹಿಂಗಾರಿಗೆ ಅದೇ ಬೀಜದ ಸಸಿ ಹಚ್ಚಿದೆ. ಹತ್ತು ಗಿಡಕ್ಕೆ ಮೂರು-ನಾಲ್ಕು ದಂಟು! ಬದುವಿನ ಆಚೆ ತಮ್ಮನ ಮಡಿಯಲ್ಲಿ ಅದೇ ವಾರ ಹಚ್ಚಿದ, ಬೇರೆ ಬೀಜದ ಬೆಳೆ ಇತ್ತು. ಅಲ್ಲಿ ದಂಟು ಹುಡುಕಬೇಕಾಗಿತ್ತು. ಚಳಿ ಇಬ್ಬರಿಗೂ ಒಂದೇ, ಬೀಜ ಮಾತ್ರ ಬೇರೆ. ದಂಟು ಬಂದ ಗಡ್ಡಿಯ ನಡುವೆ ಗೂಟದಂಥ ಬಿರುಸು ಇರುತ್ತದೆ. ಅದನ್ನು ದಲಾಲರು ಕೇಳಲಿಲ್ಲ, ಮನೆಯಲ್ಲಿ ಇಟ್ಟದ್ದು ಕೊಳೆಯಿತು.

ಏಕೆ ಹೀಗೆ?

ಉಳ್ಳಾಗಡ್ಡಿಯ ರೀತಿ ಎರಡು ವರ್ಷದ್ದು. ಮೊದಲ ವರ್ಷ ಗಡ್ಡಿ. ಆ ಗಡ್ಡಿ ಮತ್ತೆ ಹಚ್ಚಿದರೆ ಹೂ, ಬೀಜ. ಸಸಿ ಬಲಿತು ದಪ್ಪ ಆದಮೇಲೆ ಚಳಿ ಹಿಡಿದರೆ ಮೊದಲ ವರ್ಷವೇ ದಂಟು ಹಾಕುತ್ತದೆ. ಈ ಗುಣ ಬೀಜದಲ್ಲೂ ಇಳಿಯುತ್ತದೆ. ಅದಕ್ಕೇ ವಯಸ್ಸು ಮೀರಿದ ಸಸಿ ಹಚ್ಚಬೇಡಿ. ಆರೇಳು ವಾರದ ಸಸಿ ಸಾಕು.

ಮುರಿಯುವುದು

ಮೊಗ್ಗು ಇನ್ನೂ ಪೊರೆಯೊಳಗೆ ಮುಚ್ಚಿಕೊಂಡಿರುವಾಗಲೇ ಬುಡಕ್ಕೆ ಮುರಿಯಿರಿ. ಚಟ್ ಅಂತ ಮುರಿದರೆ ಎಳೇದು. ಪೊರೆ ಒಡೆದು ಹೂ ಅರಳಿತೆಂದರೆ ನಾರು, ದನಕ್ಕೂ ಬೇಡ. ಮುರಿದರೆ ಗಡ್ಡಿಯ ಗೂಟ ಹೋಗುವುದಿಲ್ಲ, ಆದರೆ ಬೀಜಕ್ಕೆ ಹೋಗುವ ಸತ್ವ ಉಳಿಯುತ್ತದೆ. ಕೀಳುವಾಗ ಈ ಗಡ್ಡಿ ಬೇರೆ ಹಾಕಿ ಮೊದಲು ತಿನ್ನಿ. ನುಸಿಗೆ ಔಷಧ ಹೊಡೆದಿದ್ದರೆ ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯುವ ತನಕ ದಂಟಾಗಲಿ ತಪ್ಪಲಾಗಲಿ ಮುಟ್ಟಬೇಡಿ.

ಮನೆಯಾಕಿಯ ಪಲ್ಯ

ಒಂದು ಹಿಡಿ ಹೆಸರಬ್ಯಾಳಿ ಅರ್ಧ ತಾಸು ನೆನೆಹಾಕಿ. ದಂಟು ತೊಳೆದು ಬೆರಳಿನ ಗೆಣ್ಣಿನಷ್ಟು ಹೆಚ್ಚಿ, ಮೊಗ್ಗು ತೆಗೆದುಬಿಡಿ. ಎಣ್ಣೆಗೆ ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ ಹಾಕಿ ಒಗ್ಗರಣೆ ಕೊಡಿ. ಬ್ಯಾಳಿ, ದಂಟು, ಉಪ್ಪು, ಅರಿಷಿಣ, ಬ್ಯಾಡಗಿ ಖಾರದಪುಡಿ ಹಾಕಿ ನೀರು ಚಿಮುಕಿಸಿ ಮುಚ್ಚಿ. ಬ್ಯಾಳಿ ಬೆಂದ ಮೇಲೆ ಗುರೆಳ್ಳು ಪುಡಿ ಉದುರಿಸಿ. ಬಿಸಿ ಜೋಳದ ರೊಟ್ಟಿಗೆ ಇದು ಹೊಂದುತ್ತದೆ.

ಬೀಜ ಬೇಕಾದರೆ

ದಂಟು ಹಾಕದ ಗಿಡದ ಗಡ್ಡಿ ಆರಿಸಿ. ಕತ್ತು ಸಣ್ಣದು, ಬಣ್ಣ ಒಂದೇ, ಜೋಡುಗಡ್ಡಿ ಅಲ್ಲ. ದೀಪಾವಳಿ ತನಕ ಇಟ್ಟು ನೋಡಿ. ಕೊಳೆಯದೆ ಉಳಿದದ್ದೇ ಬೀಜದ ಗಡ್ಡಿ. ಅದನ್ನು ಹಚ್ಚಿ. ಸುತ್ತ ಒಂದು ಕಿಲೋಮೀಟರಿನೊಳಗೆ ಬೇರೆ ತಳಿ ಹೂ ಬಿಡದಿದ್ದರೆ ಒಳ್ಳೇದು, ಜೇನುಹುಳ ಬೆರಕೆ ಮಾಡುತ್ತಾವೆ. ಹೂವಿನ ಹೊತ್ತಿಗೆ ಔಷಧ ಹೊಡೆಯಬೇಡಿ, ಜೇನು ಇಲ್ಲದಿದ್ದರೆ ಕಾಳು ಜೊಳ್ಳು. ಬೀಜ ಒಂದು ವರ್ಷದೊಳಗೇ ಬಿತ್ತಿರಿ, ಹಳೇದಾದಷ್ಟು ಮೊಳಕೆ ಕಡಿಮೆ.

ಈಗ ನಮ್ಮ ಮಡಿಯಲ್ಲಿ ದಂಟು ಕಂಡರೆ ಮುರಿಯುವುದು ನನ್ನ ಕೆಲಸ. ಬೀಜದ ಗಡ್ಡಿ ಆರಿಸುವುದು ಮನೆಯಾಕಿಯ ಕೆಲಸ. ಅದರಲ್ಲಿ ನಾನು ಕೈ ಹಾಕುವುದಿಲ್ಲ.