ಕಾಲೇಜು ಬದಲಿಸಿದವರು ಯಾರ ಲೆಕ್ಕಕ್ಕೆ?

ಮಹಾರಾಷ್ಟ್ರದ ಶಾಲೆಗಳು ಕೊಡುವ ಲೀವಿಂಗ್ ಸರ್ಟಿಫಿಕೇಟ್, ಎಲ್ಲರ ಬಾಯಲ್ಲಿ ‘ಎಲ್‌ಸಿ’, ಮೊದಲಿನಿಂದ ಕೊನೆಯವರೆಗೆ ಓದಿದರೆ ಒಂದು ಪುಟ್ಟ ಜನಗಣತಿಯೇ ಸರಿ. ಹುಟ್ಟಿದ ಊರು, ಧರ್ಮ, ಜಾತಿ, ಮಾತೃಭಾಷೆ, ಹಿಂದೆ ಓದಿದ ಶಾಲೆ, ಸೇರಿದ ದಿನ, ಬಿಟ್ಟ ದಿನ ಎಲ್ಲವೂ ಅದರಲ್ಲಿವೆ. ಬಿಟ್ಟದ್ದು ಏಕೆ ಎಂಬುದಕ್ಕೂ ಒಂದು ಕಲಂ ಇದೆ. ಮುಂದೆ ಕಾಲೇಜು ಸೇರಿ ಅಲ್ಲಿಂದ ಇನ್ನೊಂದು ಕಾಲೇಜಿಗೆ ಹೊರಟಾಗಲೂ ಇಂಥವೇ ಕಾಗದಗಳು ವಿದ್ಯಾರ್ಥಿಯ ಬೆನ್ನಿಗಿರುತ್ತವೆ. ಥಾಣೆಯಿಂದ ಕಲ್ಯಾಣಕ್ಕೆ, ಡೊಂಬಿವಲಿಯಿಂದ ವಾಶಿಗೆ ಹೋಗುವವರು ಯಾರು, ಯಾವ ವರ್ಗದವರು, ಹೆಣ್ಣುಮಕ್ಕಳೆಷ್ಟು, ಯಾವ ಭಾಷೆಯ ಮನೆಯವರು ಎಂಬುದು ಹೀಗೆ ಕಾಗದದ ಮೇಲೆ ಎಂದಿನಿಂದಲೂ ಇದೆ. ಅದನ್ನು ಕೂಡಿಸಿ ನೋಡುವ ರೂಢಿ ಮಾತ್ರ ಬೆಳೆಯಲಿಲ್ಲ. ಕಾಲೇಜು ಬದಲಿಸುವವರನ್ನು ಎಣಿಸದ ವ್ಯವಸ್ಥೆಗೆ, ಓದನ್ನೇ ಬಿಟ್ಟವರು ಯಾರೆಂಬುದೂ ಸರಿಯಾಗಿ ತಿಳಿಯುವುದಿಲ್ಲ ಎಂಬುದು ಈ ಬರಹದ ವಾದ.

ಈ ಕೊರತೆಯ ಬೇರು ವ್ಯವಸ್ಥೆಯ ಹುಟ್ಟಿನಲ್ಲೇ ಇದೆ. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ ಕಾಲೇಜುಗಳಿಗೆ ಸಂಯೋಜನೆ ಕೊಟ್ಟು, ಪರೀಕ್ಷೆ ನಡೆಸಿ, ಪದವಿ ನೀಡುವ ಸಂಸ್ಥೆಯಾಗಿ ಬೆಳೆಯಿತು. ವಿದ್ಯಾರ್ಥಿಯ ಹೆಸರಿದ್ದದ್ದು ಕಾಲೇಜಿನ ರಿಜಿಸ್ಟರಿನಲ್ಲಿ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗಲು ಬೇಕಾದ ಟ್ರಾನ್ಸ್‌ಫರೆನ್ಸ್ ಸರ್ಟಿಫಿಕೇಟ್, ಎನ್‌ಒಸಿ, ಬೇರೆ ವಿಶ್ವವಿದ್ಯಾಲಯದಿಂದ ಬಂದವರ ಮೈಗ್ರೇಷನ್ ಸರ್ಟಿಫಿಕೇಟ್, ಇವೆಲ್ಲ ಅರ್ಹತೆಯನ್ನು ಖಚಿತಪಡಿಸಿಕೊಳ್ಳುವ ಕಾಗದಗಳು. ಕಡತ ಸೇರಿದೊಡನೆ ಅವುಗಳ ಕೆಲಸ ಮುಗಿಯಿತು. 2010-11ರಲ್ಲಿ ಕೇಂದ್ರ ಸರಕಾರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯನ್ನು ಆರಂಭಿಸಿದಾಗ ದೇಶಕ್ಕೆ ಮೊದಲ ಬಾರಿ ದೊಡ್ಡ ಚಿತ್ರ ಸಿಕ್ಕಿತು. 2021-22ರ ಸಮೀಕ್ಷೆಯ ಪ್ರಕಾರ ಉನ್ನತ ಶಿಕ್ಷಣದಲ್ಲಿದ್ದವರು ಸುಮಾರು 4.33 ಕೋಟಿ. ಲಿಂಗ, ಸಾಮಾಜಿಕ ವರ್ಗ, ಅಂಗವೈಕಲ್ಯಗಳ ಪ್ರಕಾರ ವಿಂಗಡಣೆಯೂ ಅದರಲ್ಲಿದೆ. ಆದರೆ ಅದು ಆಯಾ ವರ್ಷ ಆಯಾ ಸಂಸ್ಥೆಯಲ್ಲಿ ಇದ್ದವರ ಲೆಕ್ಕ. ಕಲ್ಯಾಣದ ಬಿರ್ಲಾ ಕಾಲೇಜು ಬಿಟ್ಟು ಥಾಣೆಯ ಜೋಶಿ-ಬೇಡೇಕರ್ ಕಾಲೇಜು ಸೇರಿದ ಹುಡುಗಿ ಅಲ್ಲಿ ಒಂದು ಕಡಿಮೆ, ಇಲ್ಲಿ ಒಂದು ಹೆಚ್ಚು. ಮದುವೆಯಾಗಿ ಓದು ನಿಲ್ಲಿಸಿದವಳೂ ಅಲ್ಲಿ ಒಂದು ಕಡಿಮೆಯೇ. ಬಿಟ್ಟ ಕಾಲೇಜಿನ ಕಡೆಯಿಂದ ನೋಡಿದರೆ ಇಬ್ಬರೂ ಒಂದೇ.

ಈ ಗೊಂದಲದಿಂದ ಎಲ್ಲ ಊರುಗಳಿಗೂ ಒಂದೇ ಪ್ರಮಾಣದ ನಷ್ಟವಾಗುವುದಿಲ್ಲ. ಜನ ಹೆಚ್ಚು ಚಲಿಸುವ ಕಡೆ ನಷ್ಟ ಹೆಚ್ಚು. ಥಾಣೆ ಜಿಲ್ಲೆಯ ಜನಸಂಖ್ಯೆ 1991ರಲ್ಲಿ ಸುಮಾರು 52 ಲಕ್ಷ. 2011ರ ಹೊತ್ತಿಗೆ ಅದು 1.10 ಕೋಟಿ ದಾಟಿ, ಥಾಣೆ ದೇಶದ ಅತಿ ಹೆಚ್ಚು ಜನಸಂಖ್ಯೆಯ ಜಿಲ್ಲೆಯಾಗಿತ್ತು. 2014ರಲ್ಲಿ ಪಾಲ್ಘರ್ ಬೇರೆಯಾಯಿತು. 1970ರಲ್ಲಿ ಹುಟ್ಟಿದ ಸರಕಾರಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ನವಿಮುಂಬಯಿಯನ್ನು ಕಟ್ಟಿತು. 1992ರಲ್ಲಿ ಲೋಕಲ್ ರೈಲು ವಾಶಿ ಮುಟ್ಟಿತು, 2004ರಲ್ಲಿ ಥಾಣೆ-ವಾಶಿ ಮಾರ್ಗ ತೆರೆಯಿತು. ಹೊಸ ಮಾರ್ಗ ಬಂದಾಗ ಹಿಂದೆ ಕೈಗೆಟುಕದಿದ್ದ ಕಾಲೇಜು ಎಟುಕುತ್ತದೆ; ಬಾಡಿಗೆ ಏರಿ ಮನೆ ದೂರವಾದಾಗ ಎಟುಕುತ್ತಿದ್ದ ಕಾಲೇಜು ಕೈ ತಪ್ಪುತ್ತದೆ. ಹಗಲು ಕೆಲಸ ಸಿಕ್ಕವರಿಗೆ 1971ರಿಂದ ಮುಂಬಯಿ ವಿಶ್ವವಿದ್ಯಾಲಯದ ದೂರಶಿಕ್ಷಣದ ಬಾಗಿಲಿದೆ. ಇವುಗಳಲ್ಲಿ ಯಾವುದು ಏಳಿಗೆಗಾಗಿ ಮಾಡಿದ ಬದಲಾವಣೆ, ಯಾವುದು ಒತ್ತಡಕ್ಕೆ ಮಣಿದದ್ದು? ಒಟ್ಟು ದಾಖಲಾತಿಯ ಅಂಕಿ ಇದನ್ನು ಹೇಳಲಾರದು. ಯಾವ ವರ್ಗದವರು ಯಾವ ದಿಕ್ಕಿಗೆ ಹೋಗುತ್ತಿದ್ದಾರೆ ಎಂಬ ಪಟ್ಟಿಯಿದ್ದರೆ ಸುಳಿವಾದರೂ ಸಿಗುತ್ತದೆ.

ಮುಂಬಯಿ ಸುತ್ತಲಿನ ಕನ್ನಡಿಗರಿಗೆ ಈ ಪ್ರಶ್ನೆ ಹೊರಗಿನದಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿದ ತಲೆಮಾರು ಮುಂಬಯಿ ಕನ್ನಡದ ಇತಿಹಾಸದ ಭಾಗ. ಊರು ಬಿಟ್ಟು ಬಂದವರ ಮಕ್ಕಳಿಗೆ ಇನ್ನೊಂದು ತೊಡಕೂ ಇದೆ. ಮುಂಬಯಿಯ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನ ಪ್ರವೇಶದ ಪ್ರಕರಣವೊಂದರಲ್ಲಿ 1990ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಒಂದು ರಾಜ್ಯದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು ಬೇರೆ ರಾಜ್ಯಕ್ಕೆ ವಲಸೆ ಹೋದಾಗ ಆ ಸ್ಥಾನಮಾನ ಅವರ ಜೊತೆ ಹೋಗುವುದಿಲ್ಲ ಎಂದಿತು. ಪರಿಶಿಷ್ಟ ಜಾತಿಗಳಿಗೂ ಇದೇ ನ್ಯಾಯ. ಹಾಗಾಗಿ ಕಲಬುರಗಿಯಿಂದ ಬಂದ ಕುಟುಂಬದ ಪರಿಶಿಷ್ಟ ಜಾತಿಯ ಹುಡುಗ ಡೊಂಬಿವಲಿಯಲ್ಲಿ ಮೀಸಲಾತಿ ಸಿಗದೆ ‘ಓಪನ್’ ಸೀಟಿನಲ್ಲಿ ಓದಬೇಕಾಗಬಹುದು. ಹುಟ್ಟಿದ ಊರು, ಮಾತೃಭಾಷೆಗಳನ್ನೂ ಸೇರಿಸಿ ನೋಡದಿದ್ದರೆ ಇಂಥವರ ಹಿನ್ನೆಲೆ ಅಂಕಿಅಂಶದಲ್ಲಿ ಕಾಣಿಸುವುದೇ ಇಲ್ಲ.

ವಿದ್ಯಾರ್ಥಿಯ ಹಾದಿ ಹಿಡಿದು ಎಣಿಸುವುದು ಅಸಾಧ್ಯವೇನಲ್ಲ. ಅಮೆರಿಕದಲ್ಲಿ 1990ರ ಕಾನೂನು ಪದವಿ ಪೂರೈಸಿದವರ ಪ್ರಮಾಣವನ್ನು ಪ್ರಕಟಿಸಬೇಕೆಂದಿತು. ಆದರೆ ಆ ಲೆಕ್ಕ ನಿಂತದ್ದು ಮೊದಲ ಬಾರಿ ಸೇರಿದ ಪೂರ್ಣಾವಧಿ ವಿದ್ಯಾರ್ಥಿಗಳ ಮೇಲೆ. ಬೇರೆ ಕಾಲೇಜಿನಲ್ಲಿ ಪದವಿ ಪಡೆದವರು ಮೊದಲ ಕಾಲೇಜಿನ ಯಶಸ್ಸಿಗೆ ಸೇರಲಿಲ್ಲ. 1993ರಲ್ಲಿ ಹುಟ್ಟಿದ ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್ ಕಾಲೇಜುಗಳ ದಾಖಲೆಗಳನ್ನು ಜೋಡಿಸತೊಡಗಿದ ಮೇಲೆ ಅವರ ಮುಂದಿನ ಹಾದಿ ಕಾಣಿಸಿತು. ನಮ್ಮಲ್ಲಿ ಶಾಲಾ ಸಮೀಕ್ಷೆಯೇ ಸಾಕ್ಷಿ. 2022-23ರಿಂದ ಪ್ರತಿ ಮಗುವಿನ ಹೆಸರು ಹಿಡಿದು ಎಣಿಸತೊಡಗಿದ ಮೇಲೆ, 2021-22ರಲ್ಲಿ 26.5 ಕೋಟಿಯಷ್ಟಿದ್ದ ದಾಖಲಾತಿ 2023-24ರಲ್ಲಿ 24.8 ಕೋಟಿಗೆ ಇಳಿಯಿತು. ಎಣಿಕೆಯ ಕ್ರಮವೇ ಬದಲಾದದ್ದರಿಂದ ಹಳೆಯ ಅಂಕಿಗಳ ಜೊತೆ ನೇರ ಹೋಲಿಕೆ ಸಲ್ಲದು ಎಂದು ಸಚಿವಾಲಯವೇ ಹೇಳಿದೆ. ಉನ್ನತ ಶಿಕ್ಷಣಕ್ಕೆ 2021ರಲ್ಲಿ, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂತು, 2023ರಲ್ಲಿ ಪ್ರತಿ ವಿದ್ಯಾರ್ಥಿಗೆ ‘ಅಪಾರ್’ ಗುರುತಿನ ಸಂಖ್ಯೆ ಬಂತು. ಹೊಸ ಶಿಕ್ಷಣ ನೀತಿ ನಡುವೆ ಬಿಟ್ಟು ಮತ್ತೆ ಸೇರಲು ಅವಕಾಶ ಕೊಟ್ಟಿರುವಾಗ, ಆ ಅವಕಾಶವನ್ನು ಯಾರು ಬಳಸುತ್ತಿದ್ದಾರೆಂದು ತಿಳಿಯುವುದು ಸರಕಾರದ ಕರ್ತವ್ಯವೂ ಹೌದು.

ಆಕ್ಷೇಪಗಳಿವೆ, ಅವು ಹಗುರವಲ್ಲ. ಜಾತಿ, ಭಾಷೆ, ಊರುಗಳ ದಾಖಲೆ ತಪ್ಪು ಕೈಗೆ ಸಿಕ್ಕರೆ ಹಾನಿಯಾದೀತು. ಅದಕ್ಕೆಂದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹದಿನೆಂಟರೊಳಗಿನವರಿಗೆ ಪೋಷಕರ ಒಪ್ಪಿಗೆ ಬೇಡುತ್ತದೆ. ಆದರೆ ಇಲ್ಲಿ ಬೇಕಿರುವುದು ಹೆಸರಲ್ಲ, ಒಟ್ಟು ಸಂಖ್ಯೆ. ಕೆಲವೇ ಮಂದಿಯಿರುವ ಗುಂಪುಗಳ ಅಂಕಿಯನ್ನು ಮುಚ್ಚಿಟ್ಟು ಉಳಿದದ್ದನ್ನು ಪ್ರಕಟಿಸಬಹುದು. ಕಾಲೇಜು ಕಚೇರಿಗಳ ಮೇಲೆ ಹೊರೆ ಹೆಚ್ಚುತ್ತದೆ ಎನ್ನುವವರು, ಇದೇ ಮಾಹಿತಿಯನ್ನು ಗುಮಾಸ್ತರು ಈಗಲೂ ಬರೆಯುತ್ತಿದ್ದಾರೆಂಬುದನ್ನು ನೆನೆಯಬೇಕು. ಅದನ್ನು ಒಮ್ಮೆ ತುಂಬಿ ಹಲವು ಕಡೆ ಬಳಸುವಂತಾದರೆ ಹೊರೆ ಇಳಿಯುತ್ತದೆ. ಹೆಚ್ಚು ಜನ ಬಿಟ್ಟುಹೋದ ಕಾಲೇಜಿಗೆ ಕೆಟ್ಟ ಹೆಸರು ಬರುತ್ತದೆ ಎಂಬ ಭಯಕ್ಕೆ ಮದ್ದು, ಬಿಟ್ಟವರು ಎಲ್ಲಿ ಸೇರಿದರೆಂಬುದನ್ನೂ ಜೊತೆಗೇ ಹೇಳುವುದು. ಆಗ ಕಲಿಸಿ ಕಳಿಸಿದ ಕಾಲೇಜಿಗೂ ಅದರ ಪಾಲಿನ ಶ್ರೇಯ ಸಲ್ಲುತ್ತದೆ.

ಆದ್ದರಿಂದ ಕೇಳಬೇಕಾದದ್ದು ಸರಳ. ಮುಂಬಯಿ ವಿಶ್ವವಿದ್ಯಾಲಯ ಪ್ರತಿ ವರ್ಷ ಥಾಣೆ, ಕಲ್ಯಾಣ-ಡೊಂಬಿವಲಿ, ನವಿಮುಂಬಯಿಯ ಸರಕಾರಿ ಮತ್ತು ಅನುದಾನಿತ ಕಾಲೇಜುಗಳ ನಡುವೆ ಬದಲಾದವರ ಪಟ್ಟಿಯನ್ನು ಲಿಂಗ, ವರ್ಗ, ಮಾತೃಭಾಷೆ, ಹುಟ್ಟಿದ ರಾಜ್ಯ, ಬಿಟ್ಟ ಕಾರಣಗಳ ಪ್ರಕಾರ ಪ್ರಕಟಿಸಲಿ. ‘ಕಾರಣ’ದ ಕಲಮಿನಲ್ಲಿ ‘ಮುಂದಿನ ಓದಿಗಾಗಿ’ ಎಂಬ ಸಿದ್ಧ ಉತ್ತರದ ಬದಲು ಮನೆ, ಶುಲ್ಕ, ಪ್ರಯಾಣ, ಕೆಲಸ, ಮದುವೆ, ವಿಷಯ ಬದಲಾವಣೆ ಎಂಬ ಆಯ್ಕೆಗಳಿರಲಿ. ವಿದ್ಯಾರ್ಥಿವೇತನ, ರೈಲು ಪಾಸು, ಹಾಸ್ಟೆಲು ಎಲ್ಲಿ ಬೇಕು ಎಂಬ ತೀರ್ಮಾನಕ್ಕೆ ಆಗ ಊಹೆಯ ಬದಲು ಆಧಾರ ಸಿಗುತ್ತದೆ. ತೆರಿಗೆಯ ಹಣದಿಂದ ನಡೆಯುವ ಶಿಕ್ಷಣ ವ್ಯವಸ್ಥೆ ತನ್ನ ವಿದ್ಯಾರ್ಥಿಗಳನ್ನು ಕಾಲೇಜಿನ ಗೇಟಿನವರೆಗಷ್ಟೇ ಅಲ್ಲ, ಪದವಿಯವರೆಗೂ ತನ್ನವರೆಂದು ಎಣಿಸಬೇಕು.