ಎಲೆಕ್ಟ್ರಾನ್ ಗುರುತಿಸುವ ಯಂತ್ರಕ್ಕೂ ಒಂದು ಪರೀಕ್ಷೆ

ಮೆನ್ಲೊ ಪಾರ್ಕ್ ಬಳಿ ಹೈವೇ 280ರ ಅಡಿಯಲ್ಲಿ ಹಾದುಹೋಗುವ ಉದ್ದನೆಯ ಕಟ್ಟಡವನ್ನು ನಮ್ಮಲ್ಲಿ ಅನೇಕರು ನೋಡಿರುತ್ತೇವೆ. ಅದು ಸ್ಲ್ಯಾಕ್ ಪ್ರಯೋಗಾಲಯದ ಸುಮಾರು 3 ಕಿಲೋಮೀಟರ್ ಉದ್ದದ ವೇಗವರ್ಧಕ. 1974ರ ನವೆಂಬರಿನಲ್ಲಿ ಇಲ್ಲಿನ ಸ್ಪಿಯರ್ ಕೊಲೈಡರ್‌ನಲ್ಲಿ ಬರ್ಟನ್ ರಿಕ್ಟರ್ ಅವರ ತಂಡ ಹೊಸ ಕಣವೊಂದನ್ನು ಕಂಡಿತು. ಬ್ರೂಕ್‌ಹೇವನ್‌ನಲ್ಲಿ ಸ್ಯಾಮ್ಯುಯೆಲ್ ಟಿಂಗ್ ಅವರ ತಂಡಕ್ಕೂ ಅದೇ ಕಣ ಸಿಕ್ಕಿತ್ತು. ಇಬ್ಬರಿಗೂ 1976ರಲ್ಲಿ ನೊಬೆಲ್ ತಂದ ಆ ಜೆ/ಸೈ ಕಣ ಇಂದು ಡಿಟೆಕ್ಟರ್‌ಗಳನ್ನು ಪರೀಕ್ಷಿಸುವ ಸಾಧನವಾಗಿದೆ.

ಜಿನೀವಾ ಬಳಿಯ ಸರ್ನ್‌ನಲ್ಲಿ ಅಟ್ಲಾಸ್ ಎಂಬ ಬೃಹತ್ ಡಿಟೆಕ್ಟರ್ ಇದೆ. ನಮ್ಮ ಬರ್ಕ್ಲಿ ಲ್ಯಾಬ್ ಮತ್ತು ಸ್ಲ್ಯಾಕ್ ಎರಡೂ ಅದರ ಪಾಲುದಾರರು. ಅಲ್ಲಿ ಪ್ರೋಟಾನ್‌ಗಳು ಡಿಕ್ಕಿ ಹೊಡೆದಾಗ ಚಿಮ್ಮುವ ಕಣಗಳ ನಡುವೆ ಎಲೆಕ್ಟ್ರಾನ್‌ಗೆ ಎರಡು ಗುರುತುಗಳಿವೆ: ಸಿಲಿಕಾನ್ ಪದರಗಳಲ್ಲಿ ಬಾಗಿದ ಜಾಡು, ಕ್ಯಾಲೊರಿಮೀಟರ್‌ನಲ್ಲಿ ಕಿರಿದಾದ ಜಾಗದಲ್ಲಿ ಸುರಿದ ಶಕ್ತಿ. ಬೇರೆ ಕಣಗಳೂ ಕೆಲವೊಮ್ಮೆ ಇದೇ ವೇಷ ಹಾಕುತ್ತವೆ. ನಿಯಮ ಬಿಗಿ ಮಾಡಿದರೆ ನಿಜವಾದ ಎಲೆಕ್ಟ್ರಾನ್‌ಗಳೂ ಕೈತಪ್ಪುತ್ತವೆ. ಹಾಗಾದರೆ ನೂರು ಎಲೆಕ್ಟ್ರಾನ್‌ಗಳಲ್ಲಿ ಎಷ್ಟು ಸಿಕ್ಕವು? ಸರಿಯುತ್ತರದ ಪಟ್ಟಿಯೇ ಇಲ್ಲದಿರುವಾಗ ಇದನ್ನು ತಿಳಿಯುವುದು ಹೇಗೆ?

ನಮ್ಮ ರಾಜ್ಯೋತ್ಸವಕ್ಕೆ ದಂಪತಿಗಳು ಮಾತ್ರ ಬರುತ್ತಾರೆ ಎಂದುಕೊಳ್ಳಿ. ಬಾಗಿಲಲ್ಲಿ ಸ್ವಯಂಸೇವಕರು ಹೆಸರು ಬರೆದುಕೊಳ್ಳುತ್ತಿದ್ದಾರೆ. ಗಂಡ ಬಂದದ್ದು ಖಚಿತವಾದರೆ ಹೆಂಡತಿಯೂ ಒಳಗಿದ್ದಾರೆಂದೇ ಅರ್ಥ. ಅವರ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿದರೆ ಪಟ್ಟಿಯ ಗುಣಮಟ್ಟ ಗೊತ್ತಾಗುತ್ತದೆ.

ಝಡ್ ಮತ್ತು ಜೆ/ಸೈ ಕಣಗಳು ಕೆಲವೊಮ್ಮೆ ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್ ಜೋಡಿಯಾಗಿ ಒಡೆಯುತ್ತವೆ. ಡಿಟೆಕ್ಟರ್ ಪಾಲಿಗೆ ಎರಡರ ಗುರುತೂ ಬಹುತೇಕ ಒಂದೇ. ಒಂದನ್ನು ಅತಿ ಬಿಗಿ ನಿಯಮದಿಂದ ಆರಿಸುತ್ತಾರೆ. ಇನ್ನೊಂದನ್ನು ಗುರುತಿನ ನಿಯಮ ಹಚ್ಚದೆ ಹಿಡಿದು, ಜೋಡಿಯ ಒಟ್ಟು ದ್ರವ್ಯರಾಶಿ ಝಡ್‌ನ 91 ಅಥವಾ ಜೆ/ಸೈನ 3.1 ಗಿಗಾ ಎಲೆಕ್ಟ್ರಾನ್‌ವೋಲ್ಟ್‌ಗೆ ಹೊಂದುತ್ತದೆಯೇ ನೋಡುತ್ತಾರೆ. ಆಮೇಲಷ್ಟೇ ಆ ಎರಡನೆಯದಕ್ಕೆ ಪರೀಕ್ಷೆ. ಇಂಥ 1000 ಜೋಡಿಗಳಲ್ಲಿ 900 ತೇರ್ಗಡೆಯಾದರೆ ದಕ್ಷತೆ ಶೇ. 90. ಆಕಸ್ಮಿಕವಾಗಿ ಹೊಂದಿಕೊಂಡ ಸುಳ್ಳು ಜೋಡಿಗಳನ್ನು ಲೆಕ್ಕಹಾಕಿ ಕಳೆಯಬೇಕು. ಕಷ್ಟದ ಕೆಲಸ ಇದೇ. ಹೆಚ್ಚು ಶಕ್ತಿಯ ಎಲೆಕ್ಟ್ರಾನ್‌ಗಳಿಗೆ ಝಡ್, ಕಡಿಮೆ ಶಕ್ತಿಯವಕ್ಕೆ ಜೆ/ಸೈ ನೆರವಾಗುತ್ತವೆ.

ಇಷ್ಟೆಲ್ಲ ಏಕೆ? 2012ರಲ್ಲಿ ಪತ್ತೆಯಾದ ಹಿಗ್ಸ್ ಕಣ ಅಪರೂಪಕ್ಕೆ ಎರಡು ಎಲೆಕ್ಟ್ರಾನ್, ಎರಡು ಪಾಸಿಟ್ರಾನ್‌ಗಳಾಗಿ ಒಡೆಯುತ್ತದೆ. ಒಂದೊಂದರ ದಕ್ಷತೆ ಶೇ. 90 ಇದ್ದರೂ ನಾಲ್ಕೂ ಸಿಗುವ ಸಾಧ್ಯತೆ ಸುಮಾರು ಶೇ. 66 ಮಾತ್ರ. ದಕ್ಷತೆಯ ಅಳತೆಯಲ್ಲಿ ಶೇ. 1 ತಪ್ಪಿದರೆ ಹಿಗ್ಸ್ ಎಣಿಕೆಯಲ್ಲಿ ಸುಮಾರು ಶೇ. 4 ತಪ್ಪುತ್ತದೆ. ಹೊಸ ಭೌತವಿಜ್ಞಾನದ ಸುಳಿವು ಅಷ್ಟೇ ಚಿಕ್ಕದಾಗಿರಬಹುದು. ಆದ್ದರಿಂದ ಎಷ್ಟು ಸಿಕ್ಕಿತು ಎನ್ನುವ ಮೊದಲು ಎಷ್ಟು ಕೈತಪ್ಪುತ್ತದೆ ಎಂಬುದು ತಿಳಿದಿರಬೇಕು.